ಐರೋಲಿ ಖಾಡಿಗೆ ಎರಡು ಮೀನುಯಂತ್ರಗಳ ಜೊತೆ

ಬೆಳಗಿನ ಐದೂಮುಕ್ಕಾಲಿಗೆ ಠಾಕುರ್ಲಿ ಸ್ಟೇಶನ್ನಿನ ಟಿಕೆಟ್ ಕಿಟಕಿಯ ಮುಂದೆ ನಿಂತು, ಐರೋಲಿಗೆ ಎರಡು ರಿಟರ್ನ್ ಟಿಕೆಟ್ ತೆಗೆಯಬೇಕೋ ಒಂದೇ ಸಾಕೋ ಎಂದು ನಾನು ಯೋಚಿಸುತ್ತಿದ್ದೆ. ತಲೆಗೆ ಮೂವತ್ತು ರೂಪಾಯಿ, ದೊಡ್ಡ ಮಾತೇನಲ್ಲ. ಆದರೆ ಶೀನ ಭಾವ ಬರುತ್ತಾರೆಂಬ ಧೈರ್ಯ ನನಗೆ ಒಂದಿಷ್ಟೂ ಇರಲಿಲ್ಲ. ಹಿಂದೆ ನಿಂತವನು "ಅರೇ ಚಲೋ ನಾ ಬಾಸ್" ಎಂದು ಗದರಿದ ಮೇಲೆ ಎರಡು ತೆಗೆದೆ. ತಿರುಗಿ ನೋಡಿದರೆ ಸೇತುವೆಯ ಬುಡದಲ್ಲಿ ಭಾವ ನಿಂತಿದ್ದರು. ಮಂಕಿ ಕ್ಯಾಪು, ಹಳೆಯ ಖಾಕಿ ಚಡ್ಡಿ, ಹೆಗಲಿಗೆ ಚೀಲ, ಕೈಯಲ್ಲಿ ಗಾಳದ ಕೋಲು, ಮುಖದಲ್ಲಿ ಜಗಳಕ್ಕೆ ಹೊರಟವರ ಕಳೆ. ಓಡಿಹೋಗಿ ಅಪ್ಪಿಕೊಳ್ಳುವಷ್ಟು ಖುಷಿಯಾಯಿತು ನನಗೆ. ಅಪ್ಪಿಕೊಂಡಿದ್ದರೆ ಅವರು ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದರು, ಹಾಗಾಗಿ ಸುಮ್ಮನೆ ಟಿಕೆಟ್ ಕೈಗಿಟ್ಟೆ.

ಇದು 2014ರ ಚಳಿಗಾಲದ ಮಾತು. ಭಾವ ಎಂದರೆ ನನ್ನ ಅಕ್ಕ ಗಿರಿಜಕ್ಕನ ಗಂಡ. ಹದಿನೆಂಟು ವರ್ಷದವರೆಗೆ ಮಲ್ಪೆಯಲ್ಲಿ ತಂದೆಯ ದೋಣಿಗೆ ಹುಟ್ಟು ಹಾಕಿದವರು. ಆಮೇಲೆ ಮುಂಬಯಿಗೆ ಬಂದು, ಕಲ್ಯಾಣದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕ್ಯಾಂಟೀನ್ ನಡೆಸಿದವರು. ಕಾರ್ಖಾನೆ ಮುಚ್ಚಿತು, ಅದರ ಹಿಂದೆಯೇ ಕ್ಯಾಂಟೀನೂ ಮುಚ್ಚಿತು. ಅಂದಿನಿಂದ ಐದು ತಿಂಗಳು ಭಾವ ಠಾಕುರ್ಲಿಯ ಮೂರನೇ ಮಾಳಿಗೆಯಿಂದ ಕೆಳಗಿಳಿದಿರಲಿಲ್ಲ. ಮದುವೆಯಿಲ್ಲ, ಪೂಜೆಯಿಲ್ಲ, ಕ್ಷೌರಕ್ಕೂ ಇಲ್ಲ. ಏನು ಕೇಳಿದರೂ ಒಂದೇ ಉತ್ತರ: "ನನ್ನಿಂದ ಇನ್ನು ಎಂತದೂ ಆಗೂದಿಲ್ಲ." ಒಂದು ದಿನ ಅಕ್ಕ ಡೊಂಬಿವಲಿಯ ನನ್ನ ಮನೆಗೇ ಬಂದು ಅತ್ತುಬಿಟ್ಟಳು. "ತಮ್ಮಾ, ಆ ಮನುಷ್ಯ ಹೀಗೇ ಕೂತ್ರೆ ಕೂತಲ್ಲೇ ಮುಗೀತಾರೆ. ಅವ್ರಿಗೆ ಮೀನಿನ ಹುಚ್ಚು ಒಂದಿತ್ತು ನೋಡು, ಅದನ್ನಾದ್ರೂ ಎಬ್ಬಿಸು. ನಿನ್ನ ದಮ್ಮಯ್ಯ."

ಭಾವ ಕರೆದರೆ ಬರುವ ಜನ ಅಲ್ಲ. ಕೆಣಕಿದರೆ ಬರುತ್ತಾರೆ. ಹಾಗಾಗಿ ಹೋಗಿ ಅವರ ಮುಂದೆ ಕೂತು, ನೀರಿನೊಳಗೆ ಮೀನು ಎಲ್ಲಿದೆಯೆಂದು ತೋರಿಸುವ ಯಂತ್ರವೊಂದನ್ನು ಕೊಳ್ಳುವವನಿದ್ದೇನೆ ಎಂದೆ. ಸುಳ್ಳೇನಲ್ಲ. ಎರಡು ಚಳಿಗಾಲ ಐರೋಲಿಯ ಖಾಡಿಯಲ್ಲಿ, ಸಮುದ್ರ ಒಳನುಗ್ಗುವ ಆ ಹಿನ್ನೀರಿನಲ್ಲಿ, ಬಾಡಿಗೆ ದೋಣಿ ಹಿಡಿದು ಬರಿಗೈಯಲ್ಲಿ ಬಂದ ನನಗೆ ಅದರ ಮೇಲೆ ಕಣ್ಣಿತ್ತು. ಭಾವ ಟಿವಿಯಿಂದ ಕಣ್ಣು ತೆಗೆದರು. "ಮೀನು ಹುಡುಕ್ಲಿಕ್ಕೆ ಮಿಷನ್ನಾ! ನಾಳೆ ಅನ್ನ ಅಗೀಲಿಕ್ಕೂ ಒಂದು ಮಿಷನ್ ತರ್ತಿಯಾ ನೀನು?" ಎಂದು ಶುರುಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಕೊನೆಗೆ, ಅದು ಶುದ್ಧ ಮೋಸ ಎಂದು ಖಾಡಿಯ ನಡುವೆಯೇ ತೋರಿಸಿಕೊಡುತ್ತೇನೆ ಎಂದು ತಾವಾಗಿಯೇ ಹೊರಟರು. ಒಳಗೊಳಗೇ ನಾನು ದೇವರಲ್ಲಿ ಬೇಡಿಕೊಂಡದ್ದು ಇಷ್ಟೇ: ಯಂತ್ರ ಸೋಲಲಿ, ಭಾವ ಗೆಲ್ಲಲಿ. ಗೆದ್ದರೆ ಇನ್ನೊಮ್ಮೆ ಬರುತ್ತಾರೆ. ಸೋತರೆ ಮತ್ತೆ ಆ ಮೂರನೇ ಮಾಳಿಗೆಯೇ ಗತಿ.

ಹಿಂದಿನ ಸಂಜೆ ತುರ್ಭೆಯ ಆಫೀಸಿನಿಂದ ಬರುವಾಗ ಠಾಣೆಯಲ್ಲಿ ಇಳಿದು ಯಂತ್ರಗಳನ್ನು ತಂದಿದ್ದೆ. ಸ್ಟೇಶನ್ನಿನ ಹತ್ತಿರ ಗಾಳ, ದಾರ, ಬಲೆ ಮಾರುವ ಸಣ್ಣ ಅಂಗಡಿ, ಕೇತನ್ ಎಂಬವನದು. ಅವನು ಮೂರು ಬಗೆ ತೋರಿಸಿದ. ಒಂದಕ್ಕೆ ಬಣ್ಣದ ದೊಡ್ಡ ಪರದೆ, ಜೊತೆಗೆ ಸ್ಕೂಟರಿನದರಷ್ಟು ಭಾರದ ಬ್ಯಾಟರಿ. ಅದನ್ನು ಹೊತ್ತು ಲೋಕಲ್ ಹತ್ತಿದರೆ ಮೀನಿಗಿಂತ ಮೊದಲು ನನ್ನ ಸೊಂಟ ಹೋಗುತ್ತದೆ. ಎರಡನೆಯದು ಅಂಗೈಯಗಲದ ಬೂದು ಪರದೆಯ ಡಬ್ಬಿ. ನಾಲ್ಕು ಸಣ್ಣ ಸೆಲ್ಲು, ಉದ್ದದ ವಯರು, ವಯರಿನ ತುದಿಗೆ ನೀರಿಗೆ ಇಳಿಸುವ ಬಿಲ್ಲೆ. ಮೂರನೆಯದು ನಿಂಬೆಹಣ್ಣಿಗಿಂತ ತುಸು ದೊಡ್ಡ ಚೆಂಡು. ದಾರ ಕಟ್ಟಿ ಎಸೆದರೆ ಫೋನಿನಲ್ಲಿ ಚಿತ್ರ ಬರುತ್ತದೆಯಂತೆ. "ಸರ್, ಭಾಡೇ ಕಿ ಬೋಟ್ ಹೈ ತೋ ಯೇ ದೋನೋಂ ಮೇ ಸೇ ಲೇಲೋ" ಎಂದ ಕೇತನ್. ಕೊನೆಯ ಎರಡರಲ್ಲೇ ಒಂದು ಆಗಬಹುದು; ಬಾಡಿಗೆ ದೋಣಿಗೆ ಮೊಳೆ ಹೊಡೆಯುವಂತಿಲ್ಲ, ಏನಿದ್ದರೂ ಕಟ್ಟಿ ಬಿಚ್ಚುವಂತಿರಬೇಕು. ಠೇವಣಿ ಇಟ್ಟುಕೊಂಡು ಎರಡನ್ನೂ ಒಂದು ದಿನಕ್ಕೆ ಕೊಟ್ಟ, ಭಾನುವಾರ ಸಂಜೆಯೊಳಗೆ ಒಂದು ವಾಪಸು ಬರಬೇಕು ಎಂದ.

ಭಾನುವಾರದ ಲೋಕಲ್, ಖಾಲಿ ಬೆಂಚು, ಕಿಟಕಿಯಿಂದ ತಣ್ಣನೆ ಗಾಳಿ. ಕೋಪರ್ ದಾಟುವಾಗ ಚೀಲ ಬಿಚ್ಚಿ ಯಂತ್ರಗಳನ್ನು ತೋರಿಸಿದೆ. ಭಾವ ಮುಟ್ಟಲಿಲ್ಲ. "ಮಕ್ಕಳ ಆಟದ ಸಾಮಾನು" ಎಂದು ಕಿಟಕಿಯ ಕಡೆ ತಿರುಗಿದರು. ಆದರೆ ಠಾಣೆಯಲ್ಲಿ ಪನ್ವೇಲ್ ಗಾಡಿ ಹಿಡಿಯಲು ಮೆಟ್ಟಿಲು ಹತ್ತುವಾಗ ನನಗಿಂತ ಎರಡು ಮೆಟ್ಟಿಲು ಮುಂದೆಯೇ ಇದ್ದರು. ಐರೋಲಿ ಮೊದಲ ಸ್ಟೇಶನ್, ಹತ್ತು ನಿಮಿಷ ಕೂಡ ಇಲ್ಲ. ಅಲ್ಲಿಂದ ರಿಕ್ಷಾ. ಐಟಿ ಕಟ್ಟಡಗಳ ಗಾಜು, ಫ್ಲ್ಯಾಟುಗಳ ಸಾಲು ಮುಗಿಯುತ್ತಿದ್ದಂತೆ ಒಮ್ಮೆಲೇ ಒಣಮೀನಿನ ವಾಸನೆ ಬಂತು. ಭಾವ ಮಂಕಿ ಕ್ಯಾಪ್ ತೆಗೆದು ಆ ಗಾಳಿಯನ್ನು ಮೂಗು ತುಂಬ ಎಳೆದುಕೊಂಡರು.

ದೋಣಿ ಹೀರಾ ಮಾವಶಿಯದು. ಮುಂಬಯಿಯ ಮೂಲ ಮೀನುಗಾರರಾದ ಕೋಳಿ ಜನದ ಹೆಂಗಸು, ಅರವತ್ತು ದಾಟಿರಬಹುದು, ಮೊಣಕಾಲಿನ ಮೇಲೆ ಕಚ್ಚೆ ಸೀರೆ, ಬಾಯಲ್ಲಿ ಎಲೆ. ಸಣ್ಣ ಫೈಬರ್ ದೋಣಿ, ಎರಡು ಹುಟ್ಟು, ಮಧ್ಯಾಹ್ನದವರೆಗೆ ಐನೂರು. ನನ್ನ ಕೈಯಲ್ಲಿ ವಯರು ಕಂಡದ್ದೇ ಬೆರಳೆತ್ತಿದಳು: "ಬೋಟೀಲಾ ಭೋಕ್ ಪಾಡಾಯ್ಚ ನಾಹೀ ಹಂ!" ದೋಣಿಗೆ ತೂತು ಕೊರೆಯುವುದಿಲ್ಲ ಮಾವಶಿ ಎಂದು ಆಣೆ ಹಾಕಿದೆ. ಬಿಲ್ಲೆಯ ಜೊತೆ ಗೋಡೆಗೆ ಕಚ್ಚುವ ರಬ್ಬರ್ ಬಟ್ಟಲೊಂದು ಇತ್ತು, ಅದು ದೋಣಿಯ ಪಕ್ಕಕ್ಕೆ ಹಿಡಿಯಲೇ ಇಲ್ಲ. ಒಣಗಿದ ಕೆಸರು, ಪಾಚಿ. ಒತ್ತಿದರೆ ಎರಡು ಕ್ಷಣ ನಿಂತು ಪೊಟಕ್ಕನೆ ಉದುರುತ್ತಿತ್ತು. ಭಾವ ಗಂಟಲು ಸರಿಮಾಡಿಕೊಂಡು ನಕ್ಕರು. ಐದು ತಿಂಗಳಲ್ಲಿ ಮೊದಲ ನಗು, ನನ್ನ ಫಜೀತಿಗೇ ಆದರೂ ಸರಿ. ಕೊನೆಗೆ ಮಾವಶಿಯೇ ಮುರಿದ ಪೊರಕೆಯ ಕೋಲೊಂದನ್ನು ಕೊಟ್ಟಳು. ಬಿಲ್ಲೆಯನ್ನು ಅದರ ತುದಿಗೆ ಸುತ್ತಿ, ಕೋಲನ್ನು ಹುಟ್ಟಿನ ಕೊಂಡಿಗೆ ಕಟ್ಟಿದೆ. ಗಟ್ಟಿಯಾಗಿ ನಿಂತಿತು.

"ನಮ್ಮ ಮನುಷ್ಯನನ್ನು ಜೊತೆಗೆ ಕಳಿಸಲೇ?" ಎಂದು ಮಾವಶಿ ಕೇಳಿದಳು. ಭಾವನಿಗೆ ಸಿಟ್ಟು ಬಂತು. ದೋಣಿ ನಡೆಸಲಿಕ್ಕೆ ನನಗೆ ಜನ ಬೇಕಾ ಎಂಬ ಸಿಟ್ಟು. ಅವಳು ಹೆಗಲು ಕುಣಿಸಿ, "ಆಠ್ ವಾಜೇಪರ್ಯಂತ ಪರತ್ ಯಾ ಕಾಕಾ, ಮಗ್ ಸಗಳಾ ಚಿಖಲ್" ಎಂದಳು. ಎಂಟಕ್ಕೆ ತಿರುಗಿ ಬನ್ನಿ, ಆಮೇಲೆ ಪೂರಾ ಕೆಸರು. ಭಾವ ಹುಟ್ಟು ಹಾಕುತ್ತ ನನಗೆ ತುಳುವಿನಲ್ಲಿ ವಿವರಿಸಿದರು: "ಇವತ್ತು ಹುಣ್ಣಿಮೆ ಕಳೆದು ಐದನೇ ದಿನ. ಹತ್ತು ಗಂಟೆಗೆ ಪೂರಾ ಇಳಿತ, ಅದು ನಂಗೂ ಗೊತ್ತುಂಟು. ಇಳೀಲಿ. ಇಳಿದ್ರೆ ಎಷ್ಟು, ಸೊಂಟದಷ್ಟು ಇಳೀಬಹುದು. ಮಲ್ಪೆಯಲ್ಲಿ ನಾವು ಇಳಿತಕ್ಕೇ ಹೋಗ್ತಿದ್ದದ್ದು ಮಾರಾಯಾ, ಮೀನೆಲ್ಲ ಗುಂಡಿಗೆ ಬಂದು ಸೇರ್ತದೆ." ನನಗೆ ಇದು ನ್ಯಾಯವೆಂದೇ ಕಂಡಿತು. ನಾನೂ ಅದೇ ಊರಿನವನಲ್ಲವೇ!

ನಡುನೀರಿನಲ್ಲಿ ಬೂದು ಡಬ್ಬಿ ಹನ್ನೊಂದು ಅಡಿ ತೋರಿಸಿತು. ಆಚೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪಕ್ಕದ ಒಂದು ಓಣಿಯಂಥ ಜಾಗಕ್ಕೆ ಭಾವ ದೋಣಿ ತಿರುಗಿಸಿದರು; ಅಲ್ಲಿ ಏಳು ಅಡಿ. ಲಂಗರು ಬಿಟ್ಟದ್ದೇ ಪರದೆಯ ಮೇಲೆ ಸಾಲುಸಾಲು ಮೀನಿನ ಚಿತ್ರ, ಬೀಪ್ ಬೀಪ್ ಬೀಪ್. ನನಗೆ ಕೂತಲ್ಲಿ ಕೂರಲಾಗಲಿಲ್ಲ. "ಭಾವ, ಕೆಳಗೆ ಹಿಂಡೇ ಉಂಟು!" ಭಾವ ಸಿಗಡಿ ಚುಚ್ಚಿ ಗಾಳ ಇಳಿಸಿದರು, ಏನೋ ಕಚ್ಚಿದಂತಾಯಿತು, ಎಳೆದರು. ಬಂದದ್ದು ನೂಡಲ್ಸಿನ ಪ್ಯಾಕೆಟ್ಟು. ಮತ್ತೊಮ್ಮೆ ಎಳೆದಾಗ ಹಾಲಿನ ಕವರು. ಭಾವ ಅದನ್ನು ಬಾಲ ಹಿಡಿದು ಎತ್ತುವಂತೆ ಎತ್ತಿ ಹಿಡಿದರು. "ನೋಡು, ನಿನ್ನ ಮಿಷನ್ನಿನ ಮೀನು! ನಿನ್ನ ಅಕ್ಕನಿಗೆ ಹೇಳು, ಮಸಾಲೆ ಅರೆದಿಡ್ಲಿಕ್ಕೆ."

ಚೆಂಡಿನ ಸರದಿ ಬಂತು. ಎಸೆದೆ, ಫೋನು ತೆರೆದೆ. ಎಳೆ ಬಿಸಿಲಿನಲ್ಲೇ ಪರದೆಯ ಮೇಲೆ ನನ್ನ ಮುಖವಲ್ಲದೆ ಬೇರೇನೂ ಕಾಣಲಿಲ್ಲ. ಟವಲನ್ನು ತಲೆಗೆ ಮುಸುಕು ಹಾಕಿಕೊಂಡು ನೋಡಿದೆ. ಅಷ್ಟರಲ್ಲಿ "ಎಲ್ಲಿದ್ದೀರಿ, ಅವ್ರು ಹೇಗಿದ್ದಾರೆ" ಎಂದು ಅಕ್ಕನ ಫೋನು ಬಂದು ಚಿತ್ರವೆಲ್ಲ ಮಾಯ. ಮುಸುಕಿನೊಳಗಿಂದಲೇ "ಚೆನ್ನಾಗಿದ್ದಾರೆ, ನಗ್ತಿದ್ದಾರೆ" ಎಂದೆ. "ನಗ್ತಿದ್ದಾರಾ?" ಎಂದು ಅಕ್ಕ ಎರಡು ಸಲ ಕೇಳಿದಳು.

ಎಂಟರ ಹೊತ್ತಿಗೆ ಡಬ್ಬಿ ನಾಲ್ಕೂವರೆ ಎಂದಿತು. ಎಂಟೂವರೆಗೆ ಮೂರು. ಮಾವಶಿಯ ಮಾತು ನೆನಪಾಗಿ ನನಗೆ ಕಸಿವಿಸಿಯಾಯಿತು. "ಭಾವ, ಒಂದು ಗಂಟೆಯಲ್ಲಿ ನಾಲ್ಕಡಿ ಇಳಿದಿದೆ. ಹೊರಡುವಾ." ಭಾವ ನಕ್ಕರು. "ಹಾಲಿನ ಕವರನ್ನು ಮೀನು ಅಂತ ಹೇಳಿದ ಮಿಷನ್ನು ಆಳ ಸರಿ ಹೇಳ್ತದಾ? ಗಂಟೆಗೆ ನಾಲ್ಕಡಿ ಇಳೀಲಿಕ್ಕೆ ಇದೆಂತ ಸಮುದ್ರವಾ, ಬುಡ ಒಡೆದ ಟಾಂಕಿಯಾ?" ಅವರ ವಾದದಲ್ಲಿ ತಪ್ಪೇನೂ ಕಾಣಲಿಲ್ಲ. ಮೇಲಾಗಿ ಅವರು ಗೆಲ್ಲುತ್ತಿದ್ದರು. ನನಗೆ ಬೇಕಾದದ್ದೂ ಅದೇ. ಬಾಯಿ ಮುಚ್ಚಿ ಕೂತೆ. ಒಂಬತ್ತಕ್ಕೆ ಸ್ವಲ್ಪ ಮೊದಲು ಡಬ್ಬಿ ಅಂಕಿ ಬಿಟ್ಟು ಬರೀ ಗೀಟು ತೋರಿಸಿತು. ಎರಡಡಿಗಿಂತ ಕಡಿಮೆಯಾದರೆ ಅದಕ್ಕೆ ಕಾಣುವುದಿಲ್ಲವಂತೆ. ಐದೇ ನಿಮಿಷದಲ್ಲಿ ದೋಣಿಯ ಹೊಟ್ಟೆ ಮೆಲ್ಲಗೆ ಏನಕ್ಕೋ ಉಜ್ಜಿಕೊಂಡು ನಿಂತುಬಿಟ್ಟಿತು.

ಭಾವ ಹುಟ್ಟು ಊರಿ ತಳ್ಳಿದರು. ಹುಟ್ಟು ಮೊಳದಷ್ಟು ಕೆಸರಿಗೆ ಹೋಯಿತು, ದೋಣಿ ಬೆರಳಷ್ಟೂ ಹೋಗಲಿಲ್ಲ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ತಳ್ಳಲೆಂದು ಕೆಳಗೆ ಕಾಲಿಟ್ಟೇಬಿಟ್ಟರು. ತೊಡೆಯವರೆಗೆ ಹೂತುಹೋದರು. ಅವರ ಎರಡೂ ಕಂಕುಳಿಗೆ ಕೈ ಹಾಕಿ, ದೋಣಿಯ ಅಂಚಿಗೆ ಕಾಲು ಕೊಟ್ಟು ಎಳೆದೆ. ಒಂದು ಚಪ್ಪಲಿಯನ್ನು ಖಾಡಿಗೆ ದಾನ ಮಾಡಿ ಇಬ್ಬರೂ ದೋಣಿಯೊಳಗೆ ಮಗುಚಿ ಬಿದ್ದೆವು. ಎದ್ದು ನೋಡಿದರೆ ಸುತ್ತ ನೀರೇ ಇಲ್ಲ. ಕಣ್ಣು ಹಾಯುವವರೆಗೆ ಕಪ್ಪು ಕೆಸರು ಪಳಪಳ ಹೊಳೆಯುತ್ತಿದೆ, ಕಲ್ಲೆಸೆತದ ದೂರದಲ್ಲಿ ಫ್ಲೆಮಿಂಗೋ ಹಕ್ಕಿಗಳು ಆರಾಮವಾಗಿ ನಡೆದಾಡುತ್ತಿವೆ.

ಮಲ್ಪೆಯ ಇಳಿತ ಸೊಂಟದಷ್ಟು ಇರಬಹುದು. ಈ ಖಾಡಿಯಲ್ಲಿ ಎರಡಾಳು ನೀರು ಆರು ಗಂಟೆಯಲ್ಲಿ ಖಾಲಿಯಾಗುತ್ತದೆ. ಮುಂಬಯಿಗೆ ಬಂದು ನಲವತ್ತು ಚಿಲ್ಲರೆ ವರ್ಷವಾದರೂ ಇದು ಭಾವನಿಗೆ ಗೊತ್ತಿರಲಿಲ್ಲ. ಕ್ಯಾಂಟೀನಿನ ಕಿಟಕಿಯಿಂದ ಸಮುದ್ರ ಕಾಣುತ್ತಿರಲಿಲ್ಲವಲ್ಲ. ಅವರ ಲೆಕ್ಕದಲ್ಲಿ ಎಲ್ಲ ನೀರೂ ಮಲ್ಪೆಯ ನೀರೇ.

ನೀರು ಬರುವವರೆಗೆ ಕೂರುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅಕ್ಕ ಕಟ್ಟಿಕೊಟ್ಟ ಬನ್ಸ್ ಬಿಚ್ಚಿದೆ, ಭಾವ ಮುಟ್ಟಲಿಲ್ಲ. ನನ್ನ ಕಡೆ ನೋಡದೆ ಹೇಳಿದರು: "ಕ್ಯಾಂಟೀನಿನಲ್ಲೂ ಹೀಗೇ ಆದದ್ದು ಸುಧಾಕರಾ. ದಿನಕ್ಕೆ ನಾನೂರು ಊಟ ಇದ್ದದ್ದು ಇನ್ನೂರಾಯ್ತು, ನಲವತ್ತಾಯ್ತು. ಎಲ್ರೂ ಹೇಳಿದ್ರು, ಬೇರೆ ಕಡೆ ನೋಡಿ ಶೀನಣ್ಣ ಅಂತ. ನಂಬಲಿಲ್ಲ. ನಾಳೆ ಜನ ಬರ್ತಾರೆ ಅಂತ ದೊಡ್ಡ ಹಂಡೆಯಲ್ಲೇ ಸಾರು ಇಡ್ತಿದ್ದೆ." ಗಾಳದ ದಾರ ಸುತ್ತಿಟ್ಟು, "ಮನೆಗೆ ಹೋಗುವಾ. ಇನ್ನು ನನ್ನನ್ನು ಎಲ್ಲಿಗೂ ಕರೀಬೇಡ" ಎಂದರು. ಅಕ್ಕನಿಗೆ ಯಾವ ಮುಖ ತೋರಿಸಲಿ ಎಂದು ಆ ಡಬ್ಬಿಯನ್ನು ಖಾಡಿಗೆ ಎಸೆದುಬಿಡುವಷ್ಟು ಸಿಟ್ಟು ಬಂತು. ಎಸೆಯಲು ನೀರೂ ಇರಲಿಲ್ಲ.

ಹನ್ನೊಂದೂಮುಕ್ಕಾಲಿಗೆ ದೋಣಿ ಒಮ್ಮೆ ಅಲುಗಿತು. ಆಚೆಯ ಓಣಿಯಲ್ಲಿ ಕಂದು ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಡಬ್ಬಿಯ ಗೀಟು ಹೋಗಿ ಅಂಕಿ ಬಂತು. "ಎಷ್ಟು?" ಎಂದರು ಭಾವ. ಎರಡೂಕಾಲು ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. "ಈಗ?" ಎರಡೂಮುಕ್ಕಾಲು. "ಕೊಡಿಲ್ಲಿ" ಎಂದು ಡಬ್ಬಿಯನ್ನು ಕಿತ್ತುಕೊಂಡರು. ಅವರು ಅದನ್ನು ಮುಟ್ಟಿದ್ದು ಅದೇ ಮೊದಲು. ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು, "ಹತ್ತು ನಿಮಿಷಕ್ಕೆ ಅರ್ಧ ಅಡಿ! ಅಬ್ಬಬ್ಬಾ, ಎಂತ ನೀರು ಮಾರಾಯಾ ಇದು!" ಎಂದರು. ದನಿಯಲ್ಲಿ ಸೋತವರ ಕುರುಹೇ ಇರಲಿಲ್ಲ. ಹೊಸ ಅಡುಗೆಮನೆಗೆ ಕಾಲಿಟ್ಟ ಭಟ್ಟನ ಉತ್ಸಾಹ ಅದು.

ಆಮೇಲೆ ಹುಟ್ಟು ನನ್ನ ಕೈಗೆ ಬಂತು, ಯಂತ್ರ ಅವರ ಕೈಗೆ. ಮೀನಿನ ಚಿತ್ರ ಬರುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ಅಂಕಿಯೊಂದನ್ನೇ ನೋಡುತ್ತ ಕೂತರು. "ಮೂರು, ಮೂರು, ಮೂರೂವರೆ, ಎಡಕ್ಕೆ ತಗೋ, ಮೂರು... ನಿಲ್ಲು ನಿಲ್ಲು! ಎಂಟು!" ಕಾಂಡ್ಲಾ ಬೇರುಗಳ ಬದಿಯಲ್ಲಿ ಒಂದು ಗುಂಡಿ. ದೋಣಿಯನ್ನು ಹಿಂದೆ ಮುಂದೆ ಮಾಡಿಸಿ ಅದರ ಅಂಚನ್ನೆಲ್ಲ ಅಳೆದರು. ಆಮೇಲೆ ಗಾಳ ಬಿಟ್ಟರು. ಕಾಲು ಗಂಟೆಯಲ್ಲಿ ಕೋಲು ಬಗ್ಗಿತು. ಬಂದದ್ದು ಒಂದು ಗೇಣಿನ ಶಿಂಗಾಳಾ, ಮೀಸೆಯ ಮೀನು. ಮಲ್ಪೆಯಲ್ಲಾಗಿದ್ದರೆ ಬೆಕ್ಕಿಗೆ ಹಾಕುತ್ತಿದ್ದರೋ ಏನೋ. ಭಾವ ಅದನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿಟ್ಟರು. ನಂತರ ಉಳಿದ ಬನ್ಸ್ ಅಷ್ಟನ್ನೂ ಒಬ್ಬರೇ ತಿಂದರು.

ದಡದಲ್ಲಿ ಮಾವಶಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ತೊಡೆಯವರೆಗಿನ ಕೆಸರನ್ನೂ ಒಂಟಿ ಚಪ್ಪಲಿಯನ್ನೂ ನೋಡಿ ಎಲೆಯ ರಸ ಚೆಲ್ಲುವಷ್ಟು ನಕ್ಕಳು. ಪಕ್ಕದ ಮನೆಯವಳನ್ನೂ ಕರೆದು ತೋರಿಸಿದಳು. ನಾನು ಭಾವನ ಮುಖ ನೋಡಿದೆ, ಈಗ ಸಿಡಿಯುತ್ತಾರೆ ಎಂದು. ಸಿಡಿಯಲಿಲ್ಲ. ಗುಂಡಿ ಇರುವ ಜಾಗವನ್ನು ಕೈಮಾಡಿ ತೋರಿಸಿ, ತಮ್ಮ ಕ್ಯಾಂಟೀನ್ ಮರಾಠಿಯಲ್ಲಿ ಅದರ ವಿಷಯ ಕೇಳಿದರು. ಮಾವಶಿಯ ನಗು ನಿಂತಿತು. ಆ ಗುಂಡಿಯನ್ನು ತನಗೆ ತನ್ನ ಅತ್ತೆ ತೋರಿಸಿದ್ದು, ಬಾಡಿಗೆಗೆ ಬರುವವರಿಗೆ ತಾನು ಹೇಳುವುದಿಲ್ಲ, ನಿಮಗೆ ಯಾರು ಹೇಳಿದರು ಎಂದಳು. ಭಾವ ಡಬ್ಬಿ ತೋರಿಸಿದರು. ಇದು ಮೀನು ತೋರಿಸುತ್ತದೆಯೇ ಎಂದು ಅವಳು ಬಗ್ಗಿ ನೋಡಿದಳು. "ಛೆ ಛೆ! ಮೀನಿನ ವಿಷಯ ಇದು ಬರೀ ಸುಳ್ಳು ಹೇಳ್ತದೆ ಮಾವಶಿ. ಕೆಸರಿನ ವಿಷಯ ಸುಳ್ಳು ಹೇಳೂದಿಲ್ಲ" ಎಂದರು ಭಾವ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ, ಎಲ್ಲಿಂದ ಮೊದಲು ತುಂಬುತ್ತದೆ ಎಂದು ಒಂದು ಗಂಟೆ ಮಾತಾಡಿದರು. ಅಷ್ಟಮಿಯ ದಿನ ಬನ್ನಿ, ಆಗ ನೀರಿನ ಓಟ ಕಡಿಮೆ ಎಂದಳು ಮಾವಶಿ. ನನಗೆ ಹಸಿವಿನಿಂದ ಕಣ್ಣು ಕತ್ತಲಾಗುತ್ತಿತ್ತು, ಆದರೂ ಏಳುವಾ ಎನ್ನಲಿಲ್ಲ.

ಐರೋಲಿ ಸ್ಟೇಶನ್ನಿನ ಹೊರಗೆ ಭಾವನಿಗೆ ಎಂಬತ್ತು ರೂಪಾಯಿಯ ರಬ್ಬರ್ ಚಪ್ಪಲಿ, ಇಬ್ಬರಿಗೂ ವಡಾಪಾವ್. ಠಾಣೆಯ ಅಂಗಡಿಗೆ ಮುಟ್ಟುವಾಗ ನಾಲ್ಕೂವರೆ. "ಫಿಶ್ ಮಿಲಾ ಅಂಕಲ್?" ಎಂದ ಕೇತನ್, ಕಪ್ಪು ಕಾಲುಗಳನ್ನು ನೋಡುತ್ತ. ಭಾವ ಚೆಂಡನ್ನು ಮೇಜಿನ ಮೇಲಿಟ್ಟರು. ಇದಕ್ಕೆ ಫೋನ್ ಬೇಕು, ಬಿಸಿಲಿಗೆ ಕಾಣುವುದಿಲ್ಲ, ಹೆಂಡತಿ ಫೋನ್ ಮಾಡಿದರೆ ಮೀನು ಓಡಿಹೋಗುತ್ತದೆ ಎಂದು ಹಿಂದಿಯಲ್ಲಿ ಒಂದೊಂದಾಗಿ ಹೇಳಿದರು. ಬೂದು ಡಬ್ಬಿಗೆ ಸೆಲ್ಲು ಯಾವ ಸ್ಟೇಶನ್ನಿನಲ್ಲೂ ಸಿಗುತ್ತದೆ, ಯಾರ ದೋಣಿಗಾದರೂ ಪೊರಕೆಯ ಕೋಲಿನಲ್ಲಿ ಕಟ್ಟಬಹುದು, ಅಂಕಿ ದೊಡ್ಡದು. ಕೇತನ್ ಮತ್ತೆ ಬಣ್ಣದ ಪರದೆಯ ಕಡೆ ಕೈ ಮಾಡಿದ. "ಕೆಸರು ಬಣ್ಣದಲ್ಲಿ ಕಂಡರೆ ಎಂತ ಲಾಭ?" ಎಂದರು ಭಾವ ನನ್ನ ಕಡೆ ತಿರುಗಿ. ಕೆಲಸಕ್ಕೆ ಬಾರದ ರಬ್ಬರ್ ಬಟ್ಟಲನ್ನು ವಾಪಸು ಕೊಟ್ಟು, ಅದರ ಬದಲಿಗೆ ಒಂದು ಡಜನ್ ಸೆಲ್ಲು ವಸೂಲಿ ಮಾಡಿದರು. ದುಡ್ಡು ಕೊಟ್ಟವನು ನಾನು. ಡಬ್ಬಿ ಅವರ ಚೀಲಕ್ಕೆ ಹೋಯಿತು, ನಾನು ಅದನ್ನು ಗಮನಿಸಲಿಲ್ಲ.

ಠಾಕುರ್ಲಿಯಲ್ಲಿ ಅಕ್ಕ ಬಾಗಿಲು ತೆರೆದೇ ನಿಂತಿದ್ದಳು. ಭಾವ ಶಿಂಗಾಳಾದ ಟವಲನ್ನು ಅವಳ ಕೈಗಿಟ್ಟು ನೇರ ಬಚ್ಚಲಿಗೆ ಹೋದರು. ಅಕ್ಕ ಕಣ್ಣಿನಲ್ಲೇ ಏನಾಯಿತು ಎಂದು ಕೇಳಿದಳು. ನನಗೂ ಸರಿಯಾಗಿ ಗೊತ್ತಿಲ್ಲ ಎಂದೆ, ಅದು ನಿಜವೇ. ಚಹಾ ಕುಡಿದು ಏಳುವಾಗ, "ಭಾವ, ಡಬ್ಬಿ ಕೊಡಿ, ಹೊರಡ್ತೇನೆ" ಎಂದು ಬಚ್ಚಲಿನ ಕಡೆ ಮುಖಮಾಡಿ ಹೇಳಿದೆ. ಒಳಗಿನಿಂದ ಉತ್ತರ ಬಂತು: "ಅದು ಇಲ್ಲೇ ಇರ್ಲಿ. ಅಷ್ಟಮಿ ಬರೋದು ಬುಧವಾರ, ನಿಂಗೆ ಆಫೀಸು ಉಂಟಲ್ಲ. ನಾನೊಬ್ನೇ ಹೋಗಿ ಬರ್ತೇನೆ."

ನಾನು ಚಪ್ಪಲಿ ಮೆಟ್ಟಿಕೊಂಡು ಇಳಿಯತೊಡಗಿದೆ. ಎರಡನೇ ಮಾಳಿಗೆ ತಲುಪುವಷ್ಟರಲ್ಲಿ ಮೇಲಿನಿಂದ ಬೀಪ್ ಬೀಪ್ ಎಂದು ಕೇಳಿಸಿತು, ಅದರ ಬೆನ್ನಿಗೇ ಅಕ್ಕನ ದನಿ: "ಅಯ್ಯೋ ದೇವರೇ! ಕುಡಿಯೋ ನೀರಿನ ಡ್ರಮ್ಮಿಗೆ ಯಾಕ್ರೀ ಇಳಿಸಿದ್ರಿ ಅದನ್ನು? ಖಾಡಿಯ ಕೆಸರಲ್ಲಿ ಹೊರಳಿ ಬಂದದ್ದು! ಬುದ್ಧಿ ಎಲ್ಲಿ ಅಡ ಇಟ್ಟಿದ್ದೀರಿ? ನಾಳೆ ಬೆಳಿಗ್ಗೆವರೆಗೆ ನಲ್ಲಿ ಇಲ್ಲ, ನೀರು ನಿಮ್ಮ ಅಪ್ಪ ತರ್ತಾರಾ?" ಐದು ತಿಂಗಳಿನಿಂದ ಅಕ್ಕ ಭಾವನಿಗೆ ಒಂದು ಮಾತೂ ಬೈದಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಹತ್ತಿರ ಆಡುವಂತೆ ಮೆಲ್ಲಗೆ ಮಾತಾಡುತ್ತಿದ್ದಳು. ಗೋಡೆಗೆ ಒರಗಿ, ಬೈಗುಳ ಪೂರ್ತಿ ಮುಗಿಯುವವರೆಗೆ ನಿಂತು ಕೇಳಿದೆ. ಆಮೇಲೆ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಡೊಂಬಿವಲಿಯ ರಿಕ್ಷಾ ಹಿಡಿದೆ.